ಬಲಗಡೆಯ ಕಪ್ಪು ಉಲ್ಟಾ

ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಆರನೆಯದನ್ನು ದಾಟುವಾಗಲೇ ನನ್ನ ಸೈಕಲ್ಲಿನಿಂದ ಸದ್ದು ಶುರುವಾಗಿತ್ತು. ಬಲಗಾಲಿನ ಭಾರ ಬಿದ್ದಾಗಲೆಲ್ಲ ಕಿರ್ರ್, ಎಡಗಾಲಿಗೆ ಟಕ್. ಮನೆಗೆ ಬಂದು ಪೆಡಲ್ ಬಿಚ್ಚಿ ಗ್ರೀಸ್ ಹಾಕಿದೆ, ಸೀಟಿನ ಕಂಬ ತೆಗೆದು ಒರೆಸಿದೆ, ಚೈನ್‌ವೀಲಿನ ಬೋಲ್ಟುಗಳನ್ನು ಬಿಗಿ ಮಾಡಿದೆ. ಸದ್ದು ಹೋಗಲಿಲ್ಲ. ಕೊನೆಗೆ ಕ್ರ್ಯಾಂಕ್ ಹಿಡಿದು ಅಡ್ಡಕ್ಕೆ ಅಲುಗಿಸಿದರೆ ಕೂದಲೆಳೆಯಷ್ಟು ಆಟ ಕೈಗೆ ಸಿಕ್ಕಿತು. ಬಿ.ಬಿ., ಅಂದರೆ ಕ್ರ್ಯಾಂಕಿನ ಆಕ್ಸಲ್ ತಿರುಗುವ ಬಾಟಮ್ ಬ್ರ್ಯಾಕೆಟ್, ಹೋಗಿತ್ತು.

ಉಡುಪಿಯಲ್ಲಿ ಮೂರು ಮಳೆಗಾಲ ಕಂಡ ಬಾಟಮ್ ಬ್ರ್ಯಾಕೆಟ್ ಹೋಗುವುದು ದೊಡ್ಡ ಸಂಗತಿಯಲ್ಲ. ಸೀಟಿನ ಕಂಬದ ಸಂದಿನಿಂದ ಇಳಿದ ಮಳೆನೀರು ನೇರ ಅಲ್ಲಿಗೇ ಬಂದು ಸೇರುತ್ತದೆ. ಅಡಿಯಲ್ಲಿರುವ ಸಣ್ಣ ತೂತಿಗೆ ಕೆಸರು ಕಟ್ಟಿದ್ದರೆ ನೀರು ಒಳಗೇ ನಿಂತಿತು. ಮೇಲಿಂದ ಕಡಲಿನ ಉಪ್ಪುಗಾಳಿ. ಫ್ರೇಮು ಅಲ್ಯೂಮಿನಿಯಂ; ಬಿ.ಬಿ.ಯನ್ನು ಅದರೊಳಗೆ ಬಿಗಿದಿಡುವ ಥ್ರೆಡ್ಡಿನ ಬಳೆ, ಅಂದರೆ 'ಕಪ್ಪು', ಉಕ್ಕು. ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ಸೇರಿದರೆ ಕಿಲುಬೇ ಅವನ್ನು ಬೆಸೆದುಬಿಡುತ್ತದೆ. ನಾನು ಸೈಕಲ್ ತೆಗೆದುಕೊಂಡ ವರ್ಷವೇ ಒಮ್ಮೆ ಬಿಚ್ಚಿ ಥ್ರೆಡ್ಡಿಗೆ ಗ್ರೀಸ್ ಹಚ್ಚಿಸಿದ್ದರೆ ಈ ಲೇಖನ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಊರಿನ ದೊಡ್ಡ ಸೈಕಲ್ ಅಂಗಡಿಗೆ ಒಯ್ದೆ. ಅಲ್ಲಿದ್ದವರು ಬಗ್ಗಿ ನೋಡಿದರು, ಟೂಲ್ ಹಾಕಿಯೂ ನೋಡಲಿಲ್ಲ. "ಜಾಮ್ ಆಗಿದೆ ಸರ್. ಒತ್ತಿದ್ರೆ ಫ್ರೇಮ್ ಹೋಗ್ತದೆ. ಹೊಸ ಮಾಡೆಲ್ ಬಂದದೆ, ನೋಡಿ" ಅಂದರು. ಆ ಮಾತಿಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಡಿಸೆಂಬರಿನಲ್ಲಿ 200 ಕಿಲೋಮೀಟರಿನ ಬ್ರೆವೆಗೆ ಹೆಸರು ಕೊಟ್ಟಿದ್ದೆ, ಹದಿಮೂರೂವರೆ ಗಂಟೆಯಲ್ಲಿ ಮುಗಿಸಬೇಕಾದ ಸವಾರಿ. ಉಳಿದದ್ದು ಆರು ವಾರ. ನಾನೇ ಬಿಚ್ಚುತ್ತೇನೆ ಅಂತ ತೀರ್ಮಾನಿಸಿದೆ.

ಮೊದಲು ತರಿಸಿದ ಟೂಲೇ ತಪ್ಪಾಯಿತು. 'ಬಿ.ಬಿ. ಟೂಲ್' ಅಂತ ಹುಡುಕಿದಾಗ ಮೊದಲು ಕಂಡದ್ದನ್ನು ತರಿಸಿಕೊಂಡೆ. ಬಂದದ್ದು ದೊಡ್ಡ ಬಳೆಯಂಥ ಸ್ಪ್ಯಾನರ್, ಒಳಗಡೆ 16 ಕಚ್ಚು. ಅದು ಬೇರಿಂಗ್ ಫ್ರೇಮಿನ ಹೊರಗೆ ಕೂರುವ, 24 ಎಂಎಂ ದಪ್ಪದ ಪೊಳ್ಳು ಆಕ್ಸಲಿನ ಸೈಕಲ್ಲುಗಳಿಗೆ. ನನ್ನದು ಚೌಕ ಆಕ್ಸಲಿನ ಕಾರ್ಟ್ರಿಜ್. ಅದರ ಹಲ್ಲುಗಳಿರುವುದು ಕಪ್ಪಿನ ಒಳಸುತ್ತಿನಲ್ಲಿ, ಒಟ್ಟು 20. ಸೈಕಲ್ಲಿನ ಅಡಿಗೆ ಟಾರ್ಚ್ ಹಿಡಿದು ಎಣಿಸಿದ್ದರೆ ಎರಡು ನಿಮಿಷದ ಕೆಲಸ. ನಾನು ಎಣಿಸಲಿಲ್ಲ.

ಎರಡನೇ ಸಲ ಎಣಿಸಿಯೇ ತರಿಸಿದೆ. ಹಲ್ಲು ಸರಿಯಾಗಿತ್ತು, ಆದರೆ ಇದ್ದವುಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದನ್ನೇ ಆರಿಸಿದ್ದೆ. ಹಲ್ಲಿನ ತುದಿ ಇಳಿಜಾರಾಗಿ ಸವರಿದಂತಿತ್ತು. ಕಪ್ಪಿನೊಳಗೆ ಇಳಿಸಿದರೆ ನಿಜವಾಗಿ ಕಚ್ಚುತ್ತಿದ್ದದ್ದು ಎರಡು ಮೂರು ಎಂಎಂ ಅಷ್ಟೇ. ಹಿಂದುಗಡೆ ಸ್ಪ್ಯಾನರ್ ಹಿಡಿಯುವ ಮುಖವೂ ಕಿರಿದು. ಇದೆಲ್ಲ ಕೈಯಲ್ಲಿ ಹಿಡಿದಾಗ ಕಂಡಿತ್ತು, ನಡೆಯುತ್ತದೆ ಅಂದುಕೊಂಡೆ.

ಕ್ರ್ಯಾಂಕುಗಳು ಪುಲ್ಲರಿನಲ್ಲಿ ಸಲೀಸಾಗಿ ಬಂದವು. ಒಳಗಿನ ಬೋಲ್ಟು, ವಾಷರ್ ತೆಗೆದು, ಪುಲ್ಲರನ್ನು ಕ್ರ್ಯಾಂಕಿನ ಥ್ರೆಡ್ಡಿನೊಳಗೆ ಕೊನೆಯವರೆಗೂ ಬೆರಳಲ್ಲೇ ತಿರುಗಿಸಿ ಕೂರಿಸಿದ ಮೇಲೆ ಮಾತ್ರ ಒತ್ತಬೇಕು. ಅಷ್ಟನ್ನು ಸರಿಯಾಗಿ ಮಾಡಿದ್ದೆ. ಎಡಗಡೆಯ ಕಪ್ಪೂ ಒಂದೆರಡು ಗುದ್ದಿಗೆ ಸಡಿಲವಾಗಿ ಎಡಕ್ಕೆ ತಿರುಗುತ್ತಾ ಬಂತು. ನನಗೆ ಹುರುಪು ಬಂತು.

ಬಲಗಡೆ ಮಿಸುಕಲಿಲ್ಲ.

ಆ ಭಾನುವಾರ ಅಕ್ಕ, ಭಾವ ಊಟಕ್ಕೆ ಬಂದಿದ್ದರು. ಭಾವ ಮೂವತ್ತು ವರ್ಷ ಬಸ್ಸಿನ ಗ್ಯಾರೇಜಿನಲ್ಲಿ ದುಡಿದವರು. ಅವರ ಕೈಗೆ ಬಾರದ ಬೋಲ್ಟಿಲ್ಲ ಅಂತ ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದರು, ನಾನೂ ನಂಬಿದ್ದೆ. ಎಲೆ ಎತ್ತಿ ಕೈ ತೊಳೆದವರೇ ಜಗಲಿಗೆ ಬಂದರು. "ಬಸ್ಸಿನ ಗೇರ್‌ಬಾಕ್ಸ್ ಇಳಿಸಿದವ ನಾನು. ಈ ಸೈಕಲ್ಲು ಎಂಥದು ಮಾರಾಯ?"

"ಭಾವ, ಯಾವ ಕಡೆ ತಿರುಗಿಸಬೇಕು ಅಂತ ಒಮ್ಮೆ ನೋಡುವ" ಅಂದೆ.

"ನೋಡ್ಲಿಕ್ಕೆ ಎಂಥ ಉಂಟು? ಎಡಕ್ಕೆ ತಿರುಗಿದ್ರೆ ಬಿಚ್ತದೆ. ಎಡಗಾಲಿನ ಪೆಡಲ್ ಮಾತ್ರ ಉಲ್ಟಾ. ಇದು ಬಲಗಡೆ ಅಲ್ವಾ?"

ಪೆಡಲಿನ ಲೆಕ್ಕ ನನಗೂ ಗೊತ್ತಿತ್ತು. ಎಡ ಪೆಡಲ್ ಉಲ್ಟಾ, ಬಲ ಪೆಡಲ್ ಸರಿ. ಅದನ್ನೇ ಬಿ.ಬಿ.ಗೂ ಹಚ್ಚಿದೆವು. ಬಿ.ಬಿ.ಯಲ್ಲಿ ಆ ಲೆಕ್ಕ ತಿರುಗುಮುರುಗು: ಎಡಗಪ್ಪು ಸರಿ, ಬಲಗಪ್ಪು ಉಲ್ಟಾ. ಅಂದರೆ ನಾನು ಬೆಳಗ್ಗಿನಿಂದ ಮಾಡುತ್ತಿದ್ದದ್ದು ಜಾಮಾದ ಕಪ್ಪನ್ನು ಇನ್ನಷ್ಟು ಬಿಗಿ ಮಾಡುವ ಕೆಲಸ. ಈಗ ಅದಕ್ಕೆ ಭಾವನ ಬಲವೂ ಸೇರಿತು.

ಅವರು ಹಿತ್ತಿಲಿನಿಂದ ಮೂರಡಿಯ ಜಿಐ ಪೈಪು ತಂದು ಸ್ಪ್ಯಾನರಿನ ಹಿಡಿಗೆ ತೂರಿಸಿದರು. ಫ್ರೇಮು ಅಲುಗದ ಹಾಗೆ ನಾನು ಒಂದು ಕೈಯಲ್ಲಿ ಚೈನ್ ಕಡೆಯ ಕೊಳವೆ ಹಿಡಿದು, ಇನ್ನೊಂದರಲ್ಲಿ ಟೂಲನ್ನು ಒಳಕ್ಕೆ ಒತ್ತಿ ಕೂತೆ. ಎಂಟನೇ ಕ್ಲಾಸಿನ ಮಗಳು ಎದುರು ಕುಕ್ಕುರುಗಾಲಲ್ಲಿ ಕೂತು ಮುಂದಿನ ಫೋರ್ಕ್ ಹಿಡಿದುಕೊಂಡಳು. ಅವಳನ್ನು ಅಲ್ಲಿ ಕೂರಿಸಿದವ ನಾನೇ. ಭಾವ ಪೈಪಿನ ತುದಿಗೆ ಇಡೀ ಮೈ ಹಾಕಿದರು. ಸ್ಪ್ಯಾನರ್ ಒಂದು ಕ್ಷಣ ಬಗ್ಗಿದ ಹಾಗೆ ಕಂಡಿತು. ಟಣ್ ಅಂತ ಒಂದು ಸದ್ದು.

ಟೂಲು ಕಪ್ಪಿನಿಂದ ಜಾರಿ ಎದ್ದಿತ್ತು. ಪೈಪು ನೆಲಕ್ಕೆ ಬಡಿಯಿತು. ಸ್ಪ್ಯಾನರ್ ಅದರಿಂದ ಕಳಚಿ ಮಗಳ ಕಿವಿಯ ಪಕ್ಕದಿಂದ ಹಾರಿ ಹಿಂದಿನ ಗೋಡೆಗೆ ತಾಗಿತು. ಗೋಡೆಯ ಗಾರೆ ಕಿತ್ತು ಬಂದ ಗುರುತು ಈಗಲೂ ಉಂಟು, ನಾನು ಅದನ್ನು ಮುಚ್ಚಿಸಿಲ್ಲ. ನನ್ನ ಬಲಗೈ ಜಗಲಿಯ ಸಿಮೆಂಟಿನ ಅಂಚಿಗೆ ಉಜ್ಜಿ, ನಡುಬೆರಳಿನ ಗೆಣ್ಣಿನ ಚರ್ಮ ಎದ್ದುಹೋಯಿತು. ನೋವು ಆಗ ಗೊತ್ತೇ ಆಗಲಿಲ್ಲ. ಮಗಳು ಫೋರ್ಕ್ ಹಿಡಿದುಕೊಂಡೇ ಇದ್ದಳು. ಅಳಲಿಲ್ಲ, ಅಲುಗಲಿಲ್ಲ, ಅವಳ ಕಣ್ಣು ಮಾತ್ರ ದೊಡ್ಡದಾಗಿತ್ತು. ಒಳಗಿನಿಂದ ಓಡಿ ಬಂದ ಅಕ್ಕ ಮೊದಲು ಅವಳನ್ನು ಎತ್ತಿಕೊಂಡು ತಲೆ, ಕೆನ್ನೆ, ಕುತ್ತಿಗೆ ಎಲ್ಲ ತಡವಿ ನೋಡಿದಳು. ಆಮೇಲೆ ನಮ್ಮಿಬ್ಬರ ಕಡೆ ತಿರುಗಿ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಅಷ್ಟೂ ನಮಗೆ ಸಲ್ಲತಕ್ಕದ್ದೇ.

"ಟೂಲ್ ಸರಿ ಇಲ್ಲ" ಅಂದರು ಭಾವ. ಟೂಲ್ ಸರಿಯಿರಲಿಲ್ಲ, ನಿಜ. ಆದರೆ ದಿಕ್ಕು ನೋಡುವ ಅಂದಾಗ ಬೇಡ ಅಂದವರು ಅವರು, ಪೈಪು ತಂದವರೂ ಅವರು. ಕೈಗೆ ಮೂರು ಹೊಲಿಗೆ ಬಿತ್ತು. ಭಾವನ ಜೊತೆ ಎರಡು ತಿಂಗಳು ನಾನು ಸರಿಯಾಗಿ ಮಾತಾಡಲಿಲ್ಲ.

ಕೈ ಸ್ವಲ್ಪ ಮಾಗಿದ ಮೇಲೆ ಫ್ರೇಮನ್ನು ಹೆಗಲಿಗೇರಿಸಿಕೊಂಡು ಮಲ್ಪೆ ರಸ್ತೆಯ ಒಂದು ಹಳೆ ಸೈಕಲ್ ಶಾಪಿಗೆ ಹೋದೆ. ಮೀನು ಮಾರುವವರ ಸೈಕಲ್ಲು ರಿಪೇರಿ ಮಾಡುತ್ತಲೇ ವಯಸ್ಸಾದ ಹಿರಿಯರು ಅವರು. ಕಾಟರ್ ಪಿನ್ ಹೊಡೆದು ತೆಗೆದು, ಬಿ.ಬಿ. ಕಪ್ಪಿಗೆ ಕಡೆಗೆ ಹನ್ನೊಂದರಂತೆ ಗುಂಡು ಜೋಡಿಸಿ ಗ್ರೀಸ್ ತುಂಬುವ ಕೆಲಸವೇ ಅವರ ಜೀವನ. ಕಾರ್ಟ್ರಿಜ್ ಬಿ.ಬಿ.ಯನ್ನು ಅವರು ಅಷ್ಟಾಗಿ ಕಂಡವರಲ್ಲ. ಆದರೂ ಕಪ್ಪಿನ ಮೇಲೆ ಹೆಬ್ಬೆರಳು ಆಡಿಸಿ, "ಬಲಗಡೆ ಉಲ್ಟಾ ಅಲ್ವಾ ಸರ್? ಹೀರೋ ಸೈಕಲ್ಲಿಗೂ ಹಾಗೆಯೇ" ಅಂದರು. ಅಷ್ಟು ದೊಡ್ಡ ಅಂಗಡಿಯಲ್ಲಿ ಸಿಗದ ಉತ್ತರ.

ಹೀಗೆ ಉಲ್ಟಾ ಇಡುವುದಕ್ಕೆ ಕಾರಣ ಉಂಟು. ಆಕ್ಸಲ್ ತಿರುಗಿದಂತೆಲ್ಲ ಭಾರ ಹೊತ್ತ ಬೇರಿಂಗು ತನ್ನ ಕಪ್ಪನ್ನು ಎದುರು ದಿಕ್ಕಿಗೆ ಚೂರು ಚೂರೇ ಸರಿಸಲು ನೋಡುತ್ತದೆ. ಬಲಗಡೆ ಮಾಮೂಲಿ ಥ್ರೆಡ್ ಇದ್ದರೆ ತುಳಿಯುತ್ತಾ ತುಳಿಯುತ್ತಾ ಕಪ್ಪು ತಾನಾಗಿಯೇ ಸಡಿಲವಾದೀತು. ಹಳೆಯ ಇಟಲಿ ಫ್ರೇಮುಗಳಲ್ಲಿ ಎರಡೂ ಕಡೆ ಮಾಮೂಲಿ ಥ್ರೆಡ್, ಅವುಗಳ ಬಲಗಪ್ಪು ಸಡಿಲವಾಗುತ್ತದೆ ಎನ್ನುವ ದೂರು ಹಳೆಯದು. ಹಾಗಾಗಿ ಅಂಥ ಫ್ರೇಮು ಇದ್ದವರು ನನ್ನ ಲೆಕ್ಕವನ್ನೂ ನಂಬಬಾರದು. ಅವುಗಳಲ್ಲಿ ಬಿ.ಬಿ. ಕೂರುವ ಕೊಳವೆ 70 ಎಂಎಂ ಅಗಲ, ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು 68 ಅಥವಾ 73.

ಹಿರಿಯರು ಕಪ್ಪಿನ ಸುತ್ತ ತುಕ್ಕು ಬಿಡಿಸುವ ಎಣ್ಣೆ ಹಾಕಿ ಎರಡು ದಿನ ಬಿಟ್ಟರು. ಅಗ್ಗದ ಟೂಲನ್ನು ನೋಡಿ ತಲೆಯಾಡಿಸಿ, "ಬೇರೆ ತನ್ನಿ" ಅಂದರು. ಈ ಸಲ ಶಿಮಾನೋದವರ ಟಿಎಲ್-ಯುಎನ್74 ತರಿಸಿದೆ. ಹಲ್ಲು ನೇರ, ಹಿಂದುಗಡೆ 32 ಎಂಎಂ ಸ್ಪ್ಯಾನರ್ ಹಿಡಿಯುವ ದಪ್ಪ ಮುಖ. ಪಾರ್ಕ್ ಟೂಲ್‌ನವರ ಬಿಬಿಟಿ-22 ಕೂಡ ಇದೇ ಕೆಲಸಕ್ಕೆ ಆಗುತ್ತದೆ. ಆದರೆ ಅವತ್ತು ನನ್ನ ಕಣ್ಣು ತೆರೆಸಿದ್ದು ಕಂಪನಿಯ ಹೆಸರಲ್ಲ. ಹಿರಿಯರು ಟೂಲನ್ನು ಕಪ್ಪಿಗೆ ಕೂರಿಸಿ, ಅದರ ಬೆನ್ನಿಗೆ ಒಂದು ದಪ್ಪ ವಾಷರ್ ಇಟ್ಟು, ಕ್ರ್ಯಾಂಕಿನ ಬೋಲ್ಟನ್ನೇ ಆಕ್ಸಲಿಗೆ ತಿರುಗಿಸಿ ಬಿಗಿದರು. ಟೂಲು ಇನ್ನು ಜಾರುವ ಮಾತೇ ಇಲ್ಲ. ಆ ಬೋಲ್ಟಿನ ಬದಲು ಹಾರ್ಡ್‌ವೇರ್ ಅಂಗಡಿಯ 8 ಎಂಎಂ ಬೋಲ್ಟು ತರಲು ಹೋಗಬೇಡಿ, ಅದರ ಥ್ರೆಡ್ ದಪ್ಪ. ಕ್ರ್ಯಾಂಕಿನದ್ದು 1 ಎಂಎಂ ಅಂತರದ ಸಣ್ಣ ಥ್ರೆಡ್.

ಆಮೇಲೆ ಅವರು ಸ್ಪ್ಯಾನರನ್ನು ಮುಟ್ಟಲೇ ಇಲ್ಲ. ಟೂಲಿನ ಮುಖವನ್ನು ಬೆಂಚ್ ವೈಸಿನಲ್ಲಿ ಬಿಗಿದು ಫ್ರೇಮನ್ನು ಅದರ ಮೇಲೆ ಮಲಗಿಸಿದರು, ಬಲಬದಿ ಕೆಳಗಾಗಿ. ಈಗ ಇಡೀ ಫ್ರೇಮೇ ಹಿಡಿ. ನಾನು ಮುಂದಿನ ತುದಿ, ಅವರು ಹಿಂದಿನ ತುದಿ ಹಿಡಿದೆವು. ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು. ಮನಸ್ಸಿಗೆ ಗೊಂದಲ ಬೇಡ ಅಂತ ಅವರು ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬಾಣ ಬರೆದರು. ಒಂದೇ ಸಲ ನಿಧಾನವಾಗಿ ನೂಕಿದೆವು. ಒಣಕಟ್ಟಿಗೆ ಸೀಳಿದ ಹಾಗೆ ಸದ್ದಾಯಿತು, ಫ್ರೇಮು ತಿರುಗಿತು. ಕಪ್ಪು ಮಿಸುಕಿದೊಡನೆ ಬೋಲ್ಟನ್ನು ಸ್ವಲ್ಪ ಸಡಿಲಿಸಿದರು. ಹಾಗೆ ಮಾಡದಿದ್ದರೆ ಹೊರಬರುವ ಕಪ್ಪು ವಾಷರಿಗೆ ಒತ್ತಿ ಸಿಕ್ಕಿಕೊಳ್ಳಬಹುದು. ಹಲ್ಲು ಅರ್ಧ ತಿಂದುಹೋಗಿದ್ದ ಆ ಕಪ್ಪು, ಒಳಗಿಂದ ಸುರಿದ ಕಂದು ನೀರಿನ ಜೊತೆ ಕೈಗೆ ಬಂದಾಗ ನನಗೆ ಗಂಟಲು ಕಟ್ಟಿತು.

ಹೊಸದನ್ನು ಹಾಕುವುದು ಸುಲಭ. ಹಳೆಯದರ ಮೈಮೇಲಿನ ಅಂಕಿ ನೋಡಿ ಕೊಳವೆಯ ಅಗಲ, ಆಕ್ಸಲಿನ ಉದ್ದ ಎರಡನ್ನೂ ಹೊಂದಿಸಿ ತನ್ನಿ. ಥ್ರೆಡ್ಡನ್ನು ಸೀಮೆಎಣ್ಣೆ, ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ತೊಳೆದು ಒರೆಸಿ ಧಾರಾಳ ಗ್ರೀಸ್ ಹಚ್ಚಿ. ಮೊದಲ ಮೂರು ನಾಲ್ಕು ಸುತ್ತು ಬೆರಳಲ್ಲೇ ಹೋಗಬೇಕು. ಹೋಗದಿದ್ದರೆ ತೆಗೆದು ಮತ್ತೆ ಹಾಕಿ, ಟೂಲ್ ಮುಟ್ಟಬೇಡಿ. ಕೊನೆಗೆ 50ರಿಂದ 70 ನ್ಯೂಟನ್ ಮೀಟರ್ ಬಿಗಿ. ಹೊರ ಬೇರಿಂಗಿನ ಬಿ.ಬಿ. ಇದ್ದವರಿಗೆ ಬೇರೆಯೇ ಟೂಲ್, ಅದರಲ್ಲೂ ಕಪ್ಪಿನ ಹೊರ ಅಳತೆ 44 ಎಂಎಂ ಇರಬಹುದು, 41 ಇರಬಹುದು, 39 ಇರಬಹುದು. ವರ್ನಿಯರ್ ಇಟ್ಟು ಅಳೆದೇ ಕೊಳ್ಳಿ. ಒತ್ತಿ ಕೂರಿಸುವ, ಥ್ರೆಡ್ಡೇ ಇಲ್ಲದ ಬಿ.ಬಿ. ಆದರೆ ಪ್ರೆಸ್ ಇದ್ದವರ ಹತ್ತಿರ ಹೋಗಿ. ಸ್ಪ್ಯಾನರ್ ತಿರುಗುವ ನೇರದಲ್ಲಿ ಯಾರನ್ನೂ, ಮುಖ್ಯವಾಗಿ ಮಕ್ಕಳನ್ನು, ಕೂರಿಸಬೇಡಿ.

ಬ್ರೆವೆಯನ್ನು ಹನ್ನೆರಡು ಗಂಟೆ ನಲವತ್ತು ನಿಮಿಷದಲ್ಲಿ ಮುಗಿಸಿದೆ. ಸೈಕಲ್ಲು ಸದ್ದು ಮಾಡಲಿಲ್ಲ.

ಈಗ ಸವಾರಿಯ ಗೆಳೆಯರು ಟೂಲ್ ಕೇಳಿಕೊಂಡು ಬಂದರೆ ವಾಷರ್ ಮತ್ತು ಬೋಲ್ಟನ್ನು ತಂತಿಯಲ್ಲಿ ಅದಕ್ಕೇ ಕಟ್ಟಿ ಕೊಡುತ್ತೇನೆ. ಕಳೆದ ತಿಂಗಳು ಭಾವ ಬಂದಿದ್ದರು, ಅವರ ಮಗನ ಸೈಕಲ್ಲಿನ ಬಿ.ಬಿ. ಹೋಗಿತ್ತಂತೆ. ಟೂಲನ್ನು ಚೀಲಕ್ಕೆ ಹಾಕಿಕೊಂಡು ಗೇಟಿನವರೆಗೆ ಹೋದವರು ತಿರುಗಿ ನಿಂತರು. "ಬಲಗಡೆಯದ್ದು ಯಾವ ಕಡೆಗೆ ಹೇಳಿದ್ದು ನೀನು?" ನಾನು ಬಾಯಿ ತೆರೆಯುವ ಮೊದಲೇ ಜಗಲಿಯಿಂದ ಮಗಳು ಕೂಗಿ ಹೇಳಿದಳು: "ಬಲಕ್ಕೆ ಮಾವ, ಬಲಕ್ಕೆ."