ಒಡಂಬಡಿಸುವ ಮಾತೂ ಮೋಸಗೊಳಿಸುವ ಮಾತೂ



ಚುನಾವಣೆಯ ಕಾಲ ಬಂತೆಂದರೆ ನಮ್ಮ ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಮಾತಿನ ಸಂತೆ ನೆರೆಯುತ್ತದೆ. ಆ ಸಂತೆಯಲ್ಲಿ ಕಾಳು ಯಾವದು, ಜೊಳ್ಳು ಯಾವದು ಎಂದು ತೂರಿ ನೋಡುವದು ಕ್ರೈಸ್ತನ ಕರ್ತವ್ಯವಾಗಿದೆ. ರಾಜಕಾರ್ಯವೆಲ್ಲ ಸುಳ್ಳೇ, ಅದರ ಗೊಡವೆ ನಮಗೆ ಬೇಡವೆಂದು ಕೆಲವರು ಹೇಳುವದುಂಟು. ರಾಜಕಾರ್ಯದಲ್ಲಿ ಆಡಿದ ಸುಳ್ಳು ಪಾಪವಲ್ಲವೆಂದು ಬೇರೆ ಕೆಲವರು ಅನ್ನುವರು. ಈ ಎರಡು ಮಾತುಗಳೂ ದೇವರ ವಾಕ್ಯಕ್ಕೆ ಒಪ್ಪುವವುಗಳಲ್ಲ.

1. ಒಡಂಬಡಿಸುವದು ಪಾಪವಲ್ಲ. ಅಪೊಸ್ತಲನಾದ ಪೌಲನು ಬೇಡಿಗಳಲ್ಲಿದ್ದರೂ ಅಗ್ರಿಪ್ಪರಾಜನ ಮುಂದೆ ವಾದಿಸಿ ಅವನನ್ನು ಒಡಂಬಡಿಸಲಿಕ್ಕೆ ಪ್ರಯತ್ನಿಸಿದನು. ಆದರೆ ತಾನು ತಂತ್ರವನ್ನು ಬಿಟ್ಟವನೆಂದೂ ಸತ್ಯವನ್ನು ಬಯಲಾಗಿ ತೋರಿಸಿ ಜನರ ಮನಸ್ಸಾಕ್ಷಿಗೆ ತನ್ನನ್ನು ಒಪ್ಪಿಸುವವನೆಂದೂ ಅವನು ಕೊರಿಂಥದ ಸಭೆಗೆ ತಿಳಿಸಿದನು. ಭೇದವು ಇಲ್ಲಿದೆ. ಒಡಂಬಡಿಸುವವನು, ವಿಚಾರಿಸಿ ನೋಡಿರಿ ಅನ್ನುತ್ತಾನೆ. ಮೋಸಗಾರನು ವಿಚಾರಿಸಲಿಕ್ಕೆ ಸಮಯವನ್ನೇ ಕೊಡುವದಿಲ್ಲ.

2. ಮುಖಸ್ತುತಿಯೂ ಮೋಸವೇ. ಸಮುವೇಲನ ಎರಡನೆಯ ಪುಸ್ತಕದ 15ನೆಯ ಅಧ್ಯಾಯದಲ್ಲಿ ಅಬ್ಷಾಲೋಮನು ಊರಬಾಗಿಲಿನ ಬಳಿ ನಿಂತು, ನ್ಯಾಯ ಬೇಡಿ ಬಂದ ಒಬ್ಬೊಬ್ಬನಿಗೂ ನಿನ್ನ ವ್ಯಾಜ್ಯವೇ ಸರಿಯೆಂದು ಹೇಳಿ ಮುದ್ದಿಡುತ್ತಿದ್ದನು. ಎದುರಾಳಿಯ ಮಾತನ್ನು ಅವನು ಕೇಳಲೇ ಇಲ್ಲ. ಬಂದವರೆಲ್ಲರ ವ್ಯಾಜ್ಯವೂ ನ್ಯಾಯವಾಗಿರಲಿಕ್ಕೆ ಸಾಧ್ಯವೋ? ಹೀಗೆ ಅವನು ಜನರ ಹೃದಯಗಳನ್ನು ಕದ್ದನು. ಕಡೆಗೆ ಆ ಜನರೇ ಯುದ್ಧದಲ್ಲಿ ಸತ್ತರು.

3. ಬರಹದ ಮೋಸವು ಬೆಳಕಿಗೆ ಬರಬೇಕು. ಈಜೆಬೆಲಳು ಅಹಾಬನ ಹೆಸರಿನಲ್ಲಿ ಪತ್ರ ಬರೆದು, ಅವನ ಮುದ್ರೆ ಒತ್ತಿ, ನಾಬೋತನನ್ನು ಕೊಲ್ಲಿಸಿದಳು. ಬರಹವನ್ನು ಕಂಡ ಮಾತ್ರಕ್ಕೆ ನಂಬಬಾರದೆಂಬ ಬುದ್ಧಿಯು ನಮ್ಮ ನಾಡಿನ ಒಂದು ವ್ಯಾಜ್ಯದಿಂದಲೂ ದೊರೆಯುತ್ತದೆ. ಹುಬ್ಬಳ್ಳಿ ಗ್ರಾಮಾಂತರ ಕ್ಷೇತ್ರದಿಂದ ಆರಿಸಲ್ಪಟ್ಟಿದ್ದ ಎಸ್. ಆರ್. ಬೊಮ್ಮಾಯಿಯವರು 1988ರಲ್ಲಿ ಮುಖ್ಯಮಂತ್ರಿಗಳಾದರು. 1989ರ ಏಪ್ರಿಲ್ ತಿಂಗಳಲ್ಲಿ, ಅವರಿಗೆ ಕೊಟ್ಟ ಬೆಂಬಲವನ್ನು ಹಿಂತೆಗೆದುಕೊಂಡೆವೆಂಬ 19 ಮಂದಿ ಶಾಸಕರ ಪತ್ರಗಳು ರಾಜ್ಯಪಾಲರ ಕೈಸೇರಿದವು. ಸ್ವಲ್ಪ ದಿನಗಳೊಳಗೆ ಅವರಲ್ಲಿ 7 ಮಂದಿಯು, ತಪ್ಪು ತಿಳಿಸಿ ತಮ್ಮಿಂದ ಸಹಿ ಪಡೆಯಲಾಯಿತೆಂದು ಬರೆದುಕೊಟ್ಟರು. ಸಭೆಯಲ್ಲಿಯೇ ಬಹುಮತವನ್ನು ತೋರಿಸುವೆನೆಂದು ಬೊಮ್ಮಾಯಿಯವರು ಕೇಳಿಕೊಂಡರೂ ಅವಕಾಶ ದೊರೆಯಲಿಲ್ಲ; ಏಪ್ರಿಲ್ 21ರಂದು ಅವರ ಸರಕಾರವು ವಜಾ ಆಯಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ 9 ಮಂದಿ ನ್ಯಾಯಾಧೀಶರ ಪೀಠವು, ಬಹುಮತವನ್ನು ಶಾಸನಸಭೆಯ ಮುಂದೆಯೇ ಪರೀಕ್ಷಿಸಬೇಕೆಂದು ತೀರ್ಪು ಕೊಟ್ಟಿತು. ಆ ಪತ್ರಗಳ ವಿಷಯದಲ್ಲಿ ತಪ್ಪು ಯಾರದೆಂದು ಹೇಳುವದು ನಮ್ಮ ಕೆಲಸವಲ್ಲ. ಆದರೆ ಕೋಣೆಯೊಳಗೆ ಬರೆದದ್ದನ್ನು ಎಲ್ಲರ ಮುಂದೆ ತಂದು ನೋಡಬೇಕೆಂಬ ಆ ನಿಯಮವು ನಮ್ಮ ಮೊಬೈಲಿಗೆ ಬರುವ ಸುದ್ದಿಗೂ ಸಲ್ಲುತ್ತದೆ. ವಿಚಾರಿಸದೆ ಅದನ್ನು ಮತ್ತೊಬ್ಬರಿಗೆ ಕಳುಹಿಸುವವನು ಸುಳ್ಳುಸುದ್ದಿ ಹಬ್ಬಿಸಬಾರದೆಂಬ ಮೋಶೆಯ ಆಜ್ಞೆಯನ್ನು ಮೀರುತ್ತಾನೆ.

4. ದೇವರ ಹೆಸರಿನಿಂದ ಹೆದರಿಸಬಾರದು. 1951ರ ಜನಪ್ರತಿನಿಧಿ ಕಾಯಿದೆಯ 123ನೆಯ ಕಲಮು ಭ್ರಷ್ಟ ನಡತೆಗಳನ್ನು ಎಣಿಸುತ್ತದೆ. ಲಂಚವೂ, ಸುಳ್ಳೆಂದು ತಿಳಿದು ಅಭ್ಯರ್ಥಿಯ ನಡತೆಯನ್ನು ದೂಷಿಸುವದೂ ಅದರಲ್ಲಿ ಸೇರಿವೆ. ಇಂಥವನಿಗೆ ಓಟು ಕೊಡದಿದ್ದರೆ ದೇವರ ಕೋಪಕ್ಕೆ ಗುರಿಯಾಗುವಿರೆಂದು ನಂಬಿಸಿ ಒತ್ತಾಯಿಸುವದೂ ಅದರಲ್ಲಿ ಸೇರಿದೆ. ಈ ಮಾತು ಮೊದಲು ತಟ್ಟುವದು ಉಪದೇಶಿಗಳಾದ ನಮಗೇ.

ಇದನ್ನು ನಾವು ನಾಚಿಕೆಯಿಂದ ಬರೆಯುತ್ತೇವೆ. ಕೆಲವು ವರ್ಷಗಳ ಹಿಂದೆ ಚುನಾವಣೆಯ ಸಮಯದಲ್ಲಿ ಒಬ್ಬನು ನಮ್ಮ ಮನೆಗೆ ಬಂದು, "ಉಪದೇಶಿಗಳೇ, ನಿಮ್ಮ ಮಂದಿ ನಿಮ್ಮ ಮಾತು ಮೀರುವದಿಲ್ಲ. ಆರಾಧನೆಯ ಕಡೆಯಲ್ಲಿ ಒಂದು ಮಾತು ಹೇಳಿರಿ, ಗುಡಿಯ ಹೆಂಚೆಲ್ಲ ಹೊಸದಾಗಿ ಹೊದಿಸಿ ಕೊಡುತ್ತೇವೆ" ಅಂದನು. ನಮ್ಮ ಗುಡಿಯು ಸೋರುತ್ತಿತ್ತು. ಆದಕಾರಣ ಕೂಡಲೇ ಅಲ್ಲವೆನ್ನಲಿಕ್ಕೆ ನಮಗೆ ನಾಲಿಗೆ ಏಳಲಿಲ್ಲ. ನಾಳೆ ಹೇಳುತ್ತೇವೆ ಅಂದೆವು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಬಡವಿಯಾದ ಒಬ್ಬ ವಿಧವೆಯು ತನ್ನ ಓಟಿನ ವಿಷಯ ನಮ್ಮನ್ನು ಕೇಳಿದರೆ, ಹೆಂಚಿನ ಕ್ರಯಕ್ಕೆ ಆಕೆಯ ನಂಬಿಕೆಯನ್ನು ಮಾರಿದ ಹಾಗಾಗುವದಲ್ಲವೇ? ಮರುದಿನ ಆ ಮನುಷ್ಯನನ್ನು ಬರಿಗೈಯಲ್ಲಿ ಕಳುಹಿಸಿದೆವು. ಈಗಲೂ ಮಳೆಗಾಲದ ಆದಿತ್ಯವಾರಗಳಲ್ಲಿ ಬೆಂಚುಗಳ ನಡುವೆ ಪಾತ್ರೆಗಳನ್ನಿಡುತ್ತೇವೆ. ಆದರೆ ಯಾವ ಪಕ್ಷದ ಋಣವೂ ನಮ್ಮ ತಲೆಯ ಮೇಲಿಲ್ಲ.

ಸಹೋದರರೇ, ಸಹೋದರಿಯರೇ, ಓಟು ಕೊಡುವದನ್ನು ಬಿಡಬೇಡಿರಿ. ಕೇಳಿರಿ, ವಿಚಾರಿಸಿರಿ, ಪ್ರಾರ್ಥಿಸಿರಿ. ಬಳಿಕ ನಿಮ್ಮ ಮನಸ್ಸಾಕ್ಷಿಗೆ ಸರಿತೋರಿದಂತೆ ಮಾಡಿರಿ.

ಸಭೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು:

ಅ. ಅಬ್ಷಾಲೋಮನ ಮಾತು ಕೇಳುವವರಿಗೆ ಸಿಹಿಯಾದದ್ದೇಕೆ?

ಆ. ನಮ್ಮ ಪಕ್ಷದವರು ಹೇಳಿದ ಸುಳ್ಳನ್ನು ನಾವು ಸುಳ್ಳೆಂದು ಒಪ್ಪಿಕೊಂಡದ್ದುಂಟೋ?

ಇ. ಉಪದೇಶಿಯು ಓಟಿನ ವಿಷಯದಲ್ಲಿ ನಿಮ್ಮನ್ನು ಒತ್ತಾಯಿಸಿದರೆ ನೀವು ಅವನಿಗೆ ಏನು ಹೇಳುವಿರಿ?