ಬಾಯಿ ತೆರೆದು ತೋರಿಸಿರಿ: ಇಳಿವಯಸ್ಸಿನಲ್ಲಿ ಹಲ್ಲುಗಳ ಆರೈಕೆ



ಕೊಪ್ಪಳದ ಗವಿಮಠದ ಜಾತ್ರೆ ಸಮೀಪಿಸಿತೆಂದರೆ ಸುತ್ತಲಿನ ಹಳ್ಳಿಗಳಲ್ಲಿ ತಾಯಂದಿರು ಮಹಾದಾಸೋಹಕ್ಕಾಗಿ ಜೋಳದ ರೊಟ್ಟಿ ಬಡಿಯಲು ತೊಡಗುತ್ತಾರೆ. ಆಯುಷ್ಯವೆಲ್ಲ ಹಾಗೆ ರೊಟ್ಟಿ ಬಡಿದ ಎಷ್ಟೋ ಹಿರಿಯ ತಾಯಂದಿರು ಅದೇ ರೊಟ್ಟಿಯನ್ನು ಅಗಿಯಲಾರದೆ, ಅನ್ನ ಸಾರಿನಲ್ಲೇ ಪ್ರಸಾದ ಮುಗಿಸಿ ಏಳುವುದನ್ನು ನಾವು ಕಂಡಿದ್ದೇವೆ. ಕೇಳಿದರೆ, "ವಯಸ್ಸಾತು, ಇನ್ನ ಹಲ್ಲು ಯಾಕ ಬಿಡ್ರಿ" ಎನ್ನುತ್ತಾರೆ. ಈ ಮಾತು ಎಷ್ಟು ಸರಿ ಎಂಬುದನ್ನು ಈ ಸಂಚಿಕೆಯಲ್ಲಿ ವಿಚಾರಿಸೋಣ.

ಯಲಬುರ್ಗಾ ಕಡೆಯ, ಎಪ್ಪತ್ತು ದಾಟಿದ ತಾಯಿಯೊಬ್ಬರನ್ನು ಮಗ ನಮ್ಮ ಬಳಿಗೆ ಕರೆತಂದಿದ್ದರು. ಹಸಿವಿಲ್ಲ, ಮಲಬದ್ಧತೆ, ದಿನೇದಿನೇ ಸೊರಗುತ್ತಿದ್ದಾರೆ ಎಂಬುದು ದೂರು. ಅಗ್ನಿಮಾಂದ್ಯವೆಂದು ತಿಳಿದು ಹಿಂಗ್ವಾಷ್ಟಕ ಚೂರ್ಣ ಕೊಟ್ಟು ಕಳುಹಿಸಿದೆವು. ಎರಡು ತಿಂಗಳಾದರೂ ಗುಣ ಕಾಣಲಿಲ್ಲ. ಮೂರನೆಯ ಸಲ ಬಂದಾಗ ಬಾಯಿ ತೆರೆಸಿ ನೋಡಿದೆವು. ಕೆಳ ಒಸಡಿನ ಮೇಲೆ ಹುಣ್ಣಾಗಿತ್ತು. ಕಟ್ಟಿಸಿದ ಹಲ್ಲಿನ ಸೆಟ್ಟು ಒತ್ತುತ್ತಿದ್ದುದರಿಂದ ಅದನ್ನು ಟ್ರಂಕಿನಲ್ಲಿಟ್ಟು, ತಿಂಗಳುಗಟ್ಟಲೆ ಗಂಜಿ ಮತ್ತು ಚಹಾದಲ್ಲಿ ಅದ್ದಿದ ಟೋಸ್ಟಿನಲ್ಲೇ ದಿನ ಕಳೆದಿದ್ದರು. ಸಾಲ ಮಾಡಿ ಕಟ್ಟಿಸಿದ ಮಗ ನೊಂದುಕೊಂಡಾನೆಂದು ಬಾಯಿ ಬಿಟ್ಟಿರಲಿಲ್ಲ. ದಂತವೈದ್ಯರು ಒತ್ತುವ ಜಾಗವನ್ನು ತುಸು ಉಜ್ಜಿ ಸರಿಪಡಿಸಿದರು; ಹುಣ್ಣು ಮಾಯ್ದಿತು, ಆ ತಾಯಿ ಮತ್ತೆ ಉಣ್ಣತೊಡಗಿದರು. ಮೊದಲ ದಿನವೇ ಬಾಯಿ ನೋಡದಿದ್ದುದು ನಮ್ಮ ತಪ್ಪು. ಹಿರಿಯರು ಹಲ್ಲಿನ ನೋವನ್ನು ಹೇಳುವುದಿಲ್ಲ. ಮನೆಯವರೂ ವೈದ್ಯರೂ ತಾವಾಗಿಯೇ ಕೇಳಬೇಕು. ಇದೇ ಈ ಲೇಖನದ ಸಾರ.

ಶಾಸ್ತ್ರ ಏನೆನ್ನುತ್ತದೆ?

ಸುಶ್ರುತ ಸಂಹಿತೆಯು ಹಲ್ಲುಗಳನ್ನು 'ರುಚಕ' ಎಂಬ ಹೆಸರಿನಿಂದ ಅಸ್ಥಿಗಳಲ್ಲಿ ಎಣಿಸಿದೆ. ಹಲ್ಲಿನ ರೋಗಗಳು 8, ಹಲ್ಲಿನ ಬುಡದ, ಅಂದರೆ ಒಸಡಿನ ರೋಗಗಳು 15 ಎಂದು ವಿಂಗಡಿಸಿದೆ. ಬುಡದ ರೋಗಗಳೇ ಹೆಚ್ಚೆಂಬುದನ್ನು ಗಮನಿಸಿರಿ. ಇಳಿವಯಸ್ಸಿನಲ್ಲಿ ಹಲ್ಲು ಬೀಳುವುದು ಬಹುಪಾಲು ವಯಸ್ಸಿನಿಂದಲ್ಲ. ಹುಳುಕು ಮತ್ತು ಒಸಡಿನ ರೋಗದಿಂದ. ಹಲ್ಲಿನ ಬುಡದಲ್ಲಿ ಕಟ್ಟುವ ಗಟ್ಟಿ ಕಿಟ್ಟವನ್ನು ನಮ್ಮವರು ದಂತಶರ್ಕರಾ ಎಂದರು. ಅದನ್ನು ತೆಗೆಸಿದರೆ ಹಲ್ಲು ಸಡಿಲವಾಗುವುದೆಂಬ ಭಯ ಸಲ್ಲದು; ತೆಗೆಸದಿದ್ದರೆ ಒಸಡು ಕರಗಿ ಹಲ್ಲು ಅಲ್ಲಾಡುತ್ತದೆ.

ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆಂಬ ನಂಬಿಕೆ ನಮ್ಮ ಭಾಗದಲ್ಲಿ ಬಲವಾಗಿದೆ. ಇದು ಬರಿಯ ಕಟ್ಟುಕಥೆಯಲ್ಲ. ಮೇಲಿನ ಹಲ್ಲು ಅಲ್ಲಾಡುತ್ತಿದ್ದರೂ ಕೀಳಬಾರದು, ಅತಿಯಾದ ರಕ್ತಸ್ರಾವದಿಂದ ಕಣ್ಣಿಗೂ ಮುಖಕ್ಕೂ ಕೇಡಾಗುವುದೆಂದು ಸುಶ್ರುತನೇ ಎಚ್ಚರಿಸಿದ್ದಾನೆ. ಅಂದು ಜಾಗವನ್ನು ಮರಗಟ್ಟಿಸುವ ಚುಚ್ಚುಮದ್ದಾಗಲಿ, ರಕ್ತ ನಿಲ್ಲಿಸುವ ಇಂದಿನ ಸೌಕರ್ಯವಾಗಲಿ ಇರಲಿಲ್ಲ. ಇಂದು ಆ ಭಯಕ್ಕೆ ಕಾರಣವಿಲ್ಲ. ಕೀವು ತುಂಬಿದ ಹಲ್ಲನ್ನು ಹಾಗೆಯೇ ಉಳಿಸಿಕೊಳ್ಳುವುದೇ ಅಪಾಯ. ಆದರೆ ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಗುಳಿಗೆ, ಮೂಳೆ ಸವಕಳಿಯ ಔಷಧ ಇದ್ದವರು ದಂತವೈದ್ಯರಿಗೆ ಮೊದಲೇ ತಿಳಿಸಬೇಕು. ಗುಳಿಗೆಗಳನ್ನು ತಾವಾಗಿಯೇ ನಿಲ್ಲಿಸಬಾರದು.

ಎಳ್ಳೆಣ್ಣೆಯನ್ನು ಬಾಯಲ್ಲಿ ಹಿಡಿಯುವ ಗಂಡೂಷವನ್ನು ಚರಕರು ಹೊಗಳಿದ್ದಾರೆ, ಒಸಡಿಗೆ ಹಿತಕರ. ಆದರೆ ಹುಳುಕು ಹಲ್ಲನ್ನು ಯಾವ ತೈಲವೂ ತುಂಬಿಕೊಡದು. ಪಾರ್ಶ್ವವಾಯುವಿನಿಂದ ನುಂಗಲು ಕಷ್ಟವಿರುವವರು ಗಂಡೂಷ ಮಾಡಬಾರದು.

ನಮ್ಮ ನೀರು, ನಮ್ಮ ಹಲ್ಲು

ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಹಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಧಿಕವಾಗಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದಲ್ಲಿ 1.5ರವರೆಗೆ ಮಾತ್ರ ಸಹ್ಯ. ಹಿರಿಯರ ಹಲ್ಲಿನ ಕಂದು ಕಲೆಗಳು ಬಾಲ್ಯದಲ್ಲಿ ಕುಡಿದ ನೀರಿನ ಗುರುತು. ಅವು ಕೊಳೆಯಲ್ಲ, ಉಜ್ಜಿದರೆ ಹೋಗುವುದಿಲ್ಲ. ಇಟ್ಟಂಗಿ ಪುಡಿ, ಇದ್ದಿಲು, ಹರಳುಪ್ಪಿನಿಂದ ತಿಕ್ಕಿದರೆ ಹಲ್ಲಿನ ಮೇಲ್ಪದರವೇ ಸವೆಯುತ್ತದೆ. ನೀರು ಕಾಯಿಸಿದರೆ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಮೊಮ್ಮಕ್ಕಳಿಗಾದರೂ ಶುದ್ಧ ನೀರಿನ ಘಟಕದ ನೀರನ್ನೇ ಕೊಡಿರಿ.

ಹಲ್ಲು ಕಟ್ಟಿಸುವ ಮೊದಲು

ಮೂರು ದಾರಿಗಳಿವೆ. ತೆಗೆದು ಹಾಕುವ ಸೆಟ್ಟು ಅಗ್ಗ, ಎಲ್ಲರಿಗೂ ಸಾಧ್ಯ. ಅಕ್ಕಪಕ್ಕದ ಹಲ್ಲುಗಳ ಆಧಾರದಲ್ಲಿ ಕೂಡಿಸುವ ಬ್ರಿಡ್ಜಿಗೆ ಆ ಹಲ್ಲುಗಳು ಗಟ್ಟಿಯಾಗಿರಬೇಕು. ಮೂರನೆಯದು ದವಡೆಯ ಮೂಳೆಯೊಳಗೆ ಟೈಟಾನಿಯಂ ತಿರುಪು ಕೂಡಿಸುವ ಇಂಪ್ಲಾಂಟ್. ಸ್ವೀಡನ್ನಿನ ಬ್ರೊನೆಮಾರ್ಕ್ ಎಂಬ ವೈದ್ಯರು 1965ರಲ್ಲಿ ಇದನ್ನು ಮೊದಲು ರೋಗಿಗೆ ಅಳವಡಿಸಿದರು. ಮೂಳೆ ಸಾಕಷ್ಟಿರಬೇಕು, ಸಕ್ಕರೆ ಹತೋಟಿಯಲ್ಲಿರಬೇಕು, ತಂಬಾಕು ಬಿಟ್ಟಿರಬೇಕು. ಮೂಳೆ ಬೆಸೆಯಲು ತಿಂಗಳುಗಳೇ ಬೇಕು. ದುಬಾರಿಯಾದುದೇ ಶ್ರೇಷ್ಠವೆಂದು ಸಾಲ ಮಾಡಬೇಡಿರಿ. 60 ವರ್ಷ ಮೀರಿದ ಬಿಪಿಎಲ್ ಹಿರಿಯರಿಗೆ ಉಚಿತವಾಗಿ ದಂತಪಂಕ್ತಿ ಕೊಡಲೆಂದು ರಾಜ್ಯ ಸರ್ಕಾರ 'ದಂತ ಭಾಗ್ಯ' ಯೋಜನೆ ತಂದಿತು. ಪಡಿತರ ಚೀಟಿಯೊಂದಿಗೆ ಸರ್ಕಾರಿ ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿರಿ.

ಕಟ್ಟಿಸಿದ ಮೇಲೆ

1. ಹೊಸ ಸೆಟ್ಟು ರೂಢಿಯಾಗಲು ಕೆಲವು ವಾರಗಳು ಬೇಕು. ಮೆತ್ತನೆಯ ಆಹಾರವನ್ನು ಎರಡೂ ಬದಿಯಲ್ಲಿ ಅಗಿಯಿರಿ. ಮಾತು ತೊದಲಿದರೆ ನಿತ್ಯ ವಚನಗಳನ್ನು ಗಟ್ಟಿಯಾಗಿ ಓದಿರಿ. ನಾಲಿಗೆ ತಾನೇ ಹೊಂದಿಕೊಳ್ಳುತ್ತದೆ.

2. ರಾತ್ರಿ ಸೆಟ್ಟು ತೆಗೆದು ತಣ್ಣೀರಿನಲ್ಲಿ ಇಡಿರಿ. ಒಸಡಿಗೂ ವಿಶ್ರಾಂತಿ ಬೇಕು. ಹಾಕಿಕೊಂಡೇ ಮಲಗಿದರೆ ಬೂಷ್ಟಿನ ಸೋಂಕು ತಗಲಿ ಅಂಗುಳ ಕೆಂಪಾಗುತ್ತದೆ. ಬಿಸಿನೀರು ಬೇಡ, ಆಕಾರ ಕೆಡುತ್ತದೆ.

3. ಮೃದು ಬ್ರಷ್ ಮತ್ತು ಸಾದಾ ಸೋಪಿನಿಂದ ತೊಳೆಯಿರಿ. ನೀರು ತುಂಬಿದ ಬೋಗುಣಿಯ ಮೇಲೆ ಹಿಡಿದು ತೊಳೆದರೆ ಕೈಜಾರಿದರೂ ಒಡೆಯದು. ಒಸಡನ್ನೂ ನಾಲಿಗೆಯನ್ನೂ ಒರೆಸಿಕೊಳ್ಳಿರಿ.

4. ಹಲ್ಲು ಹೋದ ಮೇಲೆ ದವಡೆಯ ಮೂಳೆ ಸವೆಯುತ್ತಲೇ ಇರುತ್ತದೆ. ಆದ್ದರಿಂದ ಸೆಟ್ಟು ಕೆಲ ವರ್ಷಗಳಲ್ಲಿ ಸಡಿಲವಾಗುವುದು ಸಹಜ. ಮನೆಯಲ್ಲಿ ಕಾನಸು ಹಾಕದೆ, ದಂತವೈದ್ಯರಿಂದಲೇ ಸರಿಪಡಿಸಿಕೊಳ್ಳಿರಿ.

ಊಟದ ಕ್ರಮ

ಹಲ್ಲಿಲ್ಲವೆಂದು ಗಂಗಾವತಿಯ ಭತ್ತದ ಸೀಮೆಯಲ್ಲಿ ಬರಿಯ ಅನ್ನಕ್ಕೆ, ಎರೆ ಸೀಮೆಯಲ್ಲಿ ಬರಿಯ ಗಂಜಿಗೆ ಇಳಿಯುವುದು ಸರಿಯಲ್ಲ. ಬಲ ಕುಂದುತ್ತದೆ, ಅನ್ನವೊಂದೇ ಆದರೆ ಸಕ್ಕರೆಯೂ ಏರುತ್ತದೆ. ಕಡಕ್ ರೊಟ್ಟಿಯ ಬದಲು ಬಿಸಿ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ಉಣ್ಣಬಹುದು. ಜೋಳದ ನುಚ್ಚು, ಮಜ್ಜಿಗೆ, ಮೆತ್ತಗೆ ಬೇಯಿಸಿದ ಹೆಸರುಬೇಳೆ, ಪುಂಡಿಪಲ್ಲೆ, ನುಣ್ಣಗೆ ಕುಟ್ಟಿದ ಶೇಂಗಾ ಚಟ್ನಿ, ಮಾಗಿದ ಬಾಳೆಹಣ್ಣು ಹಿತ.

ಎಚ್ಚರಿಕೆ

ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಗಂಟು, ಬಾಯಿ ತೆರೆಯಲಾಗದಿರುವುದು, ಇವುಗಳನ್ನು ಕೂಡಲೇ ತೋರಿಸಿರಿ. ಎಲೆಯೊಂದಿಗೆ ತಂಬಾಕು ಹಾಕುವವರು, ಗುಟ್ಕಾ ಜಗಿಯುವವರು, ನಶ್ಯ ತಿಕ್ಕುವ ತಾಯಂದಿರು ಇನ್ನಷ್ಟು ಜಾಗ್ರತೆ ವಹಿಸಬೇಕು. ಬಾಯಿಯ ಕ್ಯಾನ್ಸರ್ ಬೇಗ ಗೊತ್ತಾದರೆ ಗುಣವಾಗುವ ಸಾಧ್ಯತೆ ಹೆಚ್ಚು.

ಕಾಯಕ್ಕೆ ಬಲ ಬರುವುದು ಉಂಡ ಪ್ರಸಾದದಿಂದ. ಆ ಪ್ರಸಾದದ ಹೆಬ್ಬಾಗಿಲು ಬಾಯಿ. ಇಂದು ಸಂಜೆ ಮನೆಯ ಹಿರಿಯರ ಬಳಿ ಕುಳಿತು, "ಅವ್ವಾ, ಅಗಿಯೋಕೆ ಬರ್ತದೇನು? ಬಾಯಿ ಸ್ವಲ್ಪ ತೋರಸು" ಎಂದು ಕೇಳಿರಿ. ಅದೂ ಒಂದು ದಾಸೋಹವೇ.