ಕಾಗದವೂ ಕೈಯೂ ಕಲಿಸುವ ರೇಖಾಗಣಿತ



ರೇಖಾಗಣಿತವೆಂದೊಡನೆ ನಿಮ್ಮಲ್ಲಿ ಅನೇಕರ ಮುಖ ಬಾಡುವುದನ್ನು ನಾವು ಪ್ರತಿವರ್ಷವೂ ಕಾಣುತ್ತೇವೆ. ದತ್ತ, ಸಾಧನೀಯ, ರಚನೆ, ಸಾಧನೆ ಎಂಬ ತಲೆಬರಹಗಳ ಕೆಳಗೆ ಬಾಯಿಪಾಠ ಮಾಡಿದುದನ್ನು ಇಳಿಸುವುದೇ ಈ ವಿಷಯವೆಂದು ನೀವು ಭಾವಿಸಿದ್ದರೆ ಅದರಲ್ಲಿ ನಿಮ್ಮ ತಪ್ಪಿಲ್ಲ. ನಾವೂ ಊರಿನ ಕನ್ನಡ ಶಾಲೆಯಲ್ಲಿ ಹಾಗೆಯೇ ಕಲಿತು, ಹಾಗೆಯೇ ತೇರ್ಗಡೆಯಾಗಿ ಈ ಮುಂಬಯಿಗೆ ಬಂದವರು. ತಾನು ಕಲಿತಂತೆ ಕಲಿಸುವುದು ಮನುಷ್ಯಸ್ವಭಾವ. ಆದುದರಿಂದ ಪಾಠವು ಸುಧಾರಿಸಬೇಕಾದರೆ ಮೊದಲು ಪಾಠ ಹೇಳುವವನ ಕೈ ಪಳಗಬೇಕು. ನಿಮ್ಮಲ್ಲಿ ಕೆಲವರಾದರೂ ನಾಳೆ ಶಿಕ್ಷಕರಾಗುವಿರೆಂಬ ನಂಬಿಕೆಯಿಂದ ಈ ಮಾತನ್ನು ಇಲ್ಲಿ ವಿಸ್ತರಿಸುತ್ತೇವೆ.

ಶಿಕ್ಷಕರ ತರಬೇತಿಯಲ್ಲಿದ್ದಾಗ ನಮಗೆ ಏಳನೆಯ ಇಯತ್ತೆಗೆ ಒಂದು ಅಭ್ಯಾಸಪಾಠ ಕೊಡಬೇಕಾಗಿ ಬಂದಿತು. ತ್ರಿಕೋನದ ಮೂರು ಕೋನಗಳ ಮೊತ್ತ 180 ಅಂಶ ಎಂಬುದೇ ಪಾಠದ ವಿಷಯ. ಕಾಗದದ ತ್ರಿಕೋನವನ್ನು ಕತ್ತರಿಸಿ, ಶಿಖರದಿಂದ ಪಾದಕ್ಕೆ ಲಂಬವನ್ನು ಮಡಿಕೆಯಿಂದ ಗುರುತಿಸಿ, ಆ ಲಂಬವು ಪಾದವನ್ನು ಮುಟ್ಟುವ ಬಿಂದುವಿಗೆ ಮೂರು ಮೂಲೆಗಳನ್ನೂ ಮಡಚಿ ತಂದರೆ, ಮೂರು ಕೋನಗಳೂ ಪಕ್ಕಪಕ್ಕದಲ್ಲಿ ಕುಳಿತು ಒಂದು ಸರಳರೇಖೆಯನ್ನು ತುಂಬುತ್ತವೆ. ಹಿಂದಿನ ರಾತ್ರಿ ಎರಡು ಮೂರು ಬಾರಿ ಮಡಚಿ ನೋಡಿದ್ದೆವು. ಪ್ರತಿಸಲವೂ ಸರಿಯಾಗಿ ಬಂದಿತ್ತು.

ತರಗತಿಯಲ್ಲಿ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು, “ಸರ್, ನನ್ನದು ಮಡಚಲು ಬರುವುದಿಲ್ಲ” ಎಂದಳು. ಅವಳ ತ್ರಿಕೋನದಲ್ಲಿ ಒಂದು ಕೋನ ವಿಶಾಲವಾಗಿತ್ತು. ಅವಳು ಚಿಕ್ಕ ಬಾಹುವನ್ನೇ ಪಾದವಾಗಿ ಹಿಡಿದಿದ್ದಳು. ಲಂಬವು ಕಾಗದದ ಹೊರಗೆ ಬೀಳುತ್ತಿತ್ತು. ನಾವು ರಾತ್ರಿ ಮಡಚಿದ್ದೆಲ್ಲವೂ ಸಮಬಾಹು ತ್ರಿಕೋನಗಳೇ! ಏನು ಹೇಳಬೇಕೆಂದು ತೋಚದೆ, “ನೀನು ಕತ್ತರಿಸಿದ್ದೇ ತಪ್ಪು, ಬೇರೆ ಕತ್ತರಿಸು” ಎಂದುಬಿಟ್ಟೆವು. ಅವಳು ಮರುಮಾತಾಡದೆ ಕುಳಿತಳು. ಗಂಟೆ ಮುಗಿಯುವವರೆಗೂ ಇನ್ನೊಂದು ತ್ರಿಕೋನವನ್ನು ಅವಳು ಕತ್ತರಿಸಲಿಲ್ಲ.

ಅವಳ ತ್ರಿಕೋನದಲ್ಲಿ ತಪ್ಪಿರಲಿಲ್ಲ, ನಮ್ಮ ಸಿದ್ಧತೆಯಲ್ಲಿತ್ತು. ವಿಶಾಲಕೋನಕ್ಕೆ ಎದುರಾಗಿರುವ ಬಾಹುವೇ ತ್ರಿಕೋನದ ಅತಿ ದೊಡ್ಡ ಬಾಹು. ಅದನ್ನು ಪಾದವಾಗಿ ಇಟ್ಟುಕೊಂಡರೆ ಪಾದದ ಎರಡು ಕೋನಗಳೂ ಲಘುಕೋನಗಳಾಗುತ್ತವೆ. ಆಗ ಲಂಬವು ಕಾಗದದ ಒಳಗೇ ಬೀಳುತ್ತದೆ, ಮಡಿಕೆಯೂ ಕೂಡಿಬರುತ್ತದೆ. ಇಷ್ಟು ತಿಳಿದಿದ್ದರೆ ಅವಳ ತೊಡಕೇ ಆ ದಿನದ ಉತ್ತಮ ಪಾಠವಾಗುತ್ತಿತ್ತು.

ಕಾಗದದಿಂದ ರೇಖಾಗಣಿತವನ್ನು ಕಲಿಸುವುದು ಹೊಸ ಮಾತಲ್ಲ. ಮದ್ರಾಸಿನ ಟಿ. ಸುಂದರ ರಾವ್ ಎಂಬವರು 1893ರಲ್ಲಿ ಕಾಗದ ಮಡಿಕೆಯ ರೇಖಾಗಣಿತವನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಫ್ರೋಬೆಲನ ಬಾಲವಾಡಿ ಪದ್ಧತಿಯ ಕಾಗದದಾಟವೇ ಅವರಿಗೆ ಪ್ರೇರಣೆ. ಜರ್ಮನಿಯ ಪ್ರಸಿದ್ಧ ಗಣಿತಜ್ಞ ಫೆಲಿಕ್ಸ್ ಕ್ಲೈನ್ ತನ್ನ ಗ್ರಂಥವೊಂದರಲ್ಲಿ ಅದನ್ನು ಉಲ್ಲೇಖಿಸಿದನು. 1901ರಲ್ಲಿ ಅಮೆರಿಕದ ಶಿಕಾಗೊ ನಗರದಲ್ಲಿಯೂ ಅದು ಅಚ್ಚಾಯಿತು.

1957ರಲ್ಲಿ ಹಾಲೆಂಡಿನ ಶಿಕ್ಷಕ ದಂಪತಿಗಳಾದ ಪಿಯರ್ ವಾನ್ ಹೀಲೆ ಮತ್ತು ಡೀನಾ ವಾನ್ ಹೀಲೆ ಇನ್ನೊಂದು ಮುಖ್ಯವಾದ ವಿಚಾರವನ್ನು ತಿಳಿಸಿದರು. ರೇಖಾಗಣಿತದ ತಿಳಿವಳಿಕೆ ಮೆಟ್ಟಿಲುಮೆಟ್ಟಿಲಾಗಿ ಏರುತ್ತದೆ. ಮೊದಲ ಮೆಟ್ಟಿಲಿನಲ್ಲಿರುವ ಮಗು ಆಕೃತಿಯನ್ನು ಒಟ್ಟು ನೋಟದಿಂದ ಗುರುತಿಸುತ್ತದೆ. ಚೌಕವನ್ನು ಓರೆಯಾಗಿ ತಿರುಗಿಸಿ ಹಿಡಿದರೆ, “ಇದು ಚೌಕವಲ್ಲ, ಗಾಳಿಪಟ” ಎನ್ನುತ್ತದೆ. ಎರಡನೆಯ ಮೆಟ್ಟಿಲಿನಲ್ಲಿ ನಾಲ್ಕು ಬಾಹುಗಳೂ ಸಮ, ನಾಲ್ಕು ಕೋನಗಳೂ ಲಂಬ ಎಂಬ ಗುಣಗಳು ಗೋಚರವಾಗುತ್ತವೆ. ಮುಂದೆ ಗುಣಗಳ ಪರಸ್ಪರ ಸಂಬಂಧ, ಅದರ ಬಳಿಕ ಸಾಧನೆ. ಶಿಕ್ಷಕನು ನಾಲ್ಕನೆಯ ಮೆಟ್ಟಿಲಿನಲ್ಲಿ ನಿಂತು ನುಡಿದರೆ ಮೊದಲ ಮೆಟ್ಟಿಲಿನ ಮಗುವಿಗೆ ಅದು ಅರ್ಥವಾಗದು. ಆ ಚೌಕವನ್ನು ಮಗುವಿನ ಕೈಗೇ ಕೊಟ್ಟು ತಿರುಗಿಸಲು, ಮಡಚಲು ಹೇಳಿದರೆ ಅದು ಮುಂದಿನ ಮೆಟ್ಟಿಲನ್ನು ತಾನಾಗಿ ಏರತೊಡಗುತ್ತದೆ.

ಆದುದರಿಂದ ಶಿಕ್ಷಕನಾಗಲಿರುವವನು ಮೂರು ವಿಷಯಗಳಲ್ಲಿ ಸಿದ್ಧನಾಗಬೇಕು.

ಮೊದಲನೆಯದು, ಮಕ್ಕಳಿಂದ ಮಾಡಿಸುವುದನ್ನೆಲ್ಲ ತಾನು ಮೊದಲು ಮಾಡಬೇಕು. ಸುಂದರವಾದ ಆಕೃತಿಯಿಂದ ಮಾತ್ರವಲ್ಲ, ಸೊಟ್ಟದರಿಂದಲೂ ಮಾಡಬೇಕು. ಎಲ್ಲಿ ಕೆಡುತ್ತದೆ, ಏಕೆ ಕೆಡುತ್ತದೆ ಎಂಬುದನ್ನು ವಹಿಯಲ್ಲಿ ಬರೆದಿಡಬೇಕು.

ಎರಡನೆಯದು, ಉತ್ತರಗಳಿಗಿಂತ ಮೊದಲು ಪ್ರಶ್ನೆಗಳನ್ನು ಸಿದ್ಧಪಡಿಸಬೇಕು. ಏನು ಕಂಡಿರಿ? ಪಕ್ಕದವನಿಗೂ ಹಾಗೆಯೇ ಬಂದಿತೇ? ಯಾವಾಗಲೂ ಹಾಗೆಯೇ ಬರುವುದೇ? ಇವುಗಳಿಗೆ ಮಗು ತನ್ನ ಮಾತಿನಲ್ಲಿ ಉತ್ತರ ಕೊಡಲಿ. ಪಾರಿಭಾಷಿಕ ಶಬ್ದವನ್ನು ಬಳಿಕ ಕೊಟ್ಟರಾಯಿತು.

ಮೂರನೆಯದು, ಕೈಯ ಕೆಲಸ ಎಲ್ಲಿ ಮುಗಿದು ಬುದ್ಧಿಯ ಕೆಲಸ ಎಲ್ಲಿ ತೊಡಗುತ್ತದೆ ಎಂಬುದನ್ನು ಅರಿತಿರಬೇಕು. ಕಾಗದಕ್ಕೆ ದಪ್ಪವಿದೆ, ಕೋನಮಾಪಕವು ಒಮ್ಮೆ 179, ಒಮ್ಮೆ 181 ತೋರಿಸೀತು. ನೂರು ತ್ರಿಕೋನಗಳನ್ನು ಮಡಚಿದರೂ ನೂರೊಂದನೆಯದನ್ನು ಕುರಿತು ಕಾಗದವು ಭರವಸೆ ಕೊಡಲಾರದು. ಶಿಖರದ ಮೂಲಕ ಪಾದಕ್ಕೆ ಸಮಾಂತರರೇಖೆಯನ್ನು ಎಳೆದು, ಪರ್ಯಾಯ ಕೋನಗಳು ಸಮವೆಂದು ತೋರಿಸಿದಾಗ ಮಾತ್ರ ಎಲ್ಲ ತ್ರಿಕೋನಗಳಿಗೂ ಒಂದೇ ಸಲ ಉತ್ತರ ದೊರೆಯುತ್ತದೆ. ಮಡಚಿ ನೋಡಿದವನಿಗೆ ಆ ಸಾಧನೆ ಬೇಕೆನಿಸುತ್ತದೆ. ಮಡಚದವನಿಗೆ ಅದು ಬರಿಯ ಬಾಯಿಪಾಠವಾಗಿ ಉಳಿಯುತ್ತದೆ.

ಇದಕ್ಕೆ ಹೆಚ್ಚಿನ ಹಣ ಬೇಕಾಗಿಲ್ಲ. ಹಳೆಯ ವೃತ್ತಪತ್ರಿಕೆ, ನೂಲು, ಕಡ್ಡಿಗಳು ಸಾಕು. ಸಮಾನ ಅಂತರದಲ್ಲಿ ಗಂಟು ಹಾಕಿ 12 ಭಾಗ ಮಾಡಿದ ಹಗ್ಗವನ್ನು 3, 4, 5 ಭಾಗಗಳ ತ್ರಿಕೋನವಾಗಿ ಬಿಗಿದರೆ ಲಂಬಕೋನ ದೊರೆಯುತ್ತದೆ. ಮೂರು ಕಡ್ಡಿಗಳನ್ನು ತುದಿಗಳಲ್ಲಿ ಕಟ್ಟಿದರೆ ಆಕೃತಿ ಅಲುಗದು, ನಾಲ್ಕನ್ನು ಕಟ್ಟಿದರೆ ವಾಲುತ್ತದೆ. ನಮ್ಮ ರೈಲ್ವೆಯ ಉಕ್ಕಿನ ಸೇತುವೆಗಳಲ್ಲಿ ಅಷ್ಟೊಂದು ತ್ರಿಕೋನಗಳು ಏಕಿವೆಯೆಂದು ಆಗ ನಿಮಗೇ ಹೊಳೆಯುವುದು.

ಕೊನೆಗೆ ನಿಮಗೊಂದು ಅಭ್ಯಾಸ. ಚೌಕ ಕಾಗದವೊಂದನ್ನು ನಡುವೆ ಮೇಲಿನಿಂದ ಕೆಳಕ್ಕೆ ಮಡಚಿ ಬಿಡಿಸಿರಿ. ಕೆಳಗಿನ ಎಡಮೂಲೆಯನ್ನು ಕದಲಿಸದೆ, ಕೆಳಗಿನ ಬಲಮೂಲೆಯು ನಡುಗೆರೆಯನ್ನು ಮುಟ್ಟುವಂತೆ, ಎಡಮೂಲೆಯ ಮೂಲಕವೇ ಹಾಯುವ ಒಂದು ಮಡಿಕೆಯನ್ನು ಹಾಕಿರಿ. ಮುಟ್ಟಿದ ಬಿಂದುವನ್ನು ಗುರುತಿಸಿ, ಕಾಗದವನ್ನು ಬಿಡಿಸಿ, ಆ ಬಿಂದುವನ್ನು ಕೆಳಗಿನ ಎರಡು ಮೂಲೆಗಳಿಗೂ ಸೇರಿಸಿರಿ. ಸಮಬಾಹು ತ್ರಿಕೋನವೊಂದು ದೊರೆಯುವುದು. ಏಕೆ ಸಮಬಾಹು? ಉತ್ತರವನ್ನು ಎರಡೇ ವಾಕ್ಯಗಳಲ್ಲಿ, ಕನ್ನಡದಲ್ಲಿ, ನಿಮ್ಮ ತಂಗಿಗೋ ತಮ್ಮನಿಗೋ ತಿಳಿಯುವಂತೆ ಬರೆದು ತನ್ನಿರಿ. ಹಾಗೆ ಬರೆಯಬಲ್ಲವನು ಅರ್ಧ ಶಿಕ್ಷಕನಾದಂತೆಯೇ ಸರಿ. ಪರನಾಡಿನ ಈ ಊರಿನಲ್ಲಿ, ಕನ್ನಡದಲ್ಲಿ “ಏಕೆ?” ಎಂದು ಕೇಳುವ ಮಗುವಿಗೆ ಕನ್ನಡದಲ್ಲಿಯೇ ಉತ್ತರ ಕೊಡುವವರು ನಾಳೆಯೂ ಇರಬೇಕಾದರೆ ಅವರು ಬರಬೇಕಾದುದು ನಿಮ್ಮ ಬೆಂಚುಗಳಿಂದಲೇ. ಅಂದು ನಿಮ್ಮ ಮುಂದೆ ಒಬ್ಬ ಹುಡುಗಿ ಸೊಟ್ಟ ತ್ರಿಕೋನವನ್ನು ಹಿಡಿದು ಎದ್ದು ನಿಂತರೆ, ನಾವು ಆಡಿದ ಮಾತನ್ನು ಆಡದೆ, “ಎಲ್ಲಿ, ತೋರಿಸಮ್ಮ” ಎಂದು ಅವಳ ಬಳಿಗೆ ಹೋಗಿರಿ.